ಬೆಕ್ಕು ಹೊರಗೆ ಹೋಗಿ ಕಾಣೆಯಾಗಿದೆ, ಎಲ್ಲಿ ಹುಡುಕಲಿ ಡಾಕ್ಟ್ರೇ?

ಪ್ರಶ್ನೆ (ಬಿಜೈ ಕಾಪಿಕಾಡಿನ ಸದಸ್ಯೆ):
ನಮಸ್ಕಾರ ಡಾಕ್ಟ್ರೇ. ನಮ್ಮ ಚಿನ್ನು, ಮೂರು ವರ್ಷದ ಹೆಣ್ಣು ಬೆಕ್ಕು, ಬೂದು ಬಣ್ಣ. ಮರಿಯಿಂದಲೂ ಮನೆಯೊಳಗೇ ಬೆಳೆದದ್ದು, ಅಂಗಳಕ್ಕೆ ಕೂಡ ಇಳಿದವಳಲ್ಲ. ನಿನ್ನೆ ಮಧ್ಯಾಹ್ನ ಪೈಂಟಿಂಗಿನವರು ಹಿಂದಿನ ಬಾಗಿಲು ತೆರೆದಿಟ್ಟಿದ್ದರು, ಆಗ ಹೊರಗೆ ಹೋಗಿದ್ದಾಳೆ. ಸಂಜೆ ಗುಡುಗು ಮಳೆ ಬೇರೆ. ಬಿಜೈ ಮಾರ್ಕೆಟ್‌ವರೆಗೆ, ಆಚೆ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದವರೆಗೆ ಹೆಸರು ಕರೆಯುತ್ತಾ ಹೋದೆವು, ಸುಳಿವಿಲ್ಲ. ಪಕ್ಕದ ಮನೆಯವರು "ಬೆಕ್ಕಲ್ವಾ, ಹಸಿವಾದ್ರೆ ತಾನೇ ಬರ್ತದೆ" ಅಂತಾರೆ. ಕಾಯುವುದಾ? ಮಗಳು ನಿನ್ನೆಯಿಂದ ಊಟ ಮಾಡಿಲ್ಲ.

ಉತ್ತರ (ಪಶುವೈದ್ಯ):
ಕಾಯುತ್ತಾ ಕೂರಬೇಡಿ ಅಕ್ಕಾ. ಬಸ್ ನಿಲ್ದಾಣದ ಕಡೆಗೂ ಹೋಗಬೇಡಿ. ಚಿನ್ನು ನಿಮ್ಮ ಹಿಂದಿನ ಬಾಗಿಲಿಗೆ ತೀರಾ ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು. ಸುಮ್ಮನೆ ಧೈರ್ಯ ತುಂಬಲಿಕ್ಕೆ ಹೇಳುತ್ತಿಲ್ಲ. ಕಳೆದುಹೋದ 1210 ಬೆಕ್ಕುಗಳ ವಿವರ ಕಲೆಹಾಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ಸಿಕ್ಕಿದ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಮನೆಯೊಳಗೇ ಬೆಳೆದ ಬೆಕ್ಕುಗಳು ಇನ್ನೂ ಹತ್ತಿರ: ಅವುಗಳಲ್ಲಿ ಮುಕ್ಕಾಲು ಪಾಲು 137 ಮೀಟರ್ ದಾಟಿರಲಿಲ್ಲ. ಬಿಜೈಯಲ್ಲಿ ಅಷ್ಟು ದೂರ ಎಂದರೆ ನಿಮ್ಮ ಸುತ್ತಲಿನ ಕೆಲವು ಕಂಪೌಂಡುಗಳು, ಅಷ್ಟೇ.

ಹಸಿವಾದರೆ ಬರುತ್ತದೆ ಎನ್ನುವ ಮಾತು ಊರು ಸುತ್ತುವ ಬೆಕ್ಕಿಗೆ ಸರಿ. ಚಿನ್ನುವಿಗೆ ಹೊರಗಿನದ್ದೆಲ್ಲ ಹೊಸತು. ಹೆದರಿದ ಬೆಕ್ಕು ಕಂಡ ಮೊದಲ ಸಂದಿಗೆ ನುಗ್ಗಿ, ಅಲ್ಲೇ ಮೈ ಮುದುಡಿ ಕೂರುತ್ತದೆ. ನೀವು ಎರಡು ಮಾರು ದೂರದಲ್ಲಿ ನಿಂತು ಹೆಸರು ಕೂಗಿದರೂ ಓಗೊಡುವುದಿಲ್ಲ. ನಿಮ್ಮನ್ನು ಮರೆತಿದೆ ಎಂದು ಬೇಸರ ಮಾಡಿಕೊಳ್ಳಬೇಡಿ. ಸದ್ದು ಮಾಡಿದರೆ ಜೀವಕ್ಕೆ ಅಪಾಯ ಎಂಬುದು ಅದಕ್ಕೆ ಹುಟ್ಟಿನಿಂದಲೇ ಬಂದ ತಿಳಿವಳಿಕೆ. ಹಾಗಾಗಿ ಕರೆದಾಗ ಬರಲಿಲ್ಲ ಎಂದು ಯಾವ ಜಾಗವನ್ನೂ ಬಿಟ್ಟು ಮುಂದೆ ಹೋಗಬೇಡಿ, ಕಣ್ಣಾರೆ ನೋಡಿದ ಮೇಲೆಯೇ ಅಲ್ಲಿಲ್ಲ ಎನ್ನಿ.

ಇವತ್ತು ರಾತ್ರಿ ವಾಹನಗಳ ಗಲಾಟೆ ಅಡಗಿದ ಮೇಲೆ ಒಳ್ಳೆಯ ಟಾರ್ಚ್ ಹಿಡಿದು ಇಬ್ಬರೇ ಹೊರಡಿ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಪ್ರಯೋಜನವಿಲ್ಲ, ಕೆನ್ನೆಗೆ ತಾಗಿಸಿ, ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ. ಬೆಕ್ಕಿನ ಕಣ್ಣಿನ ಹಿಂಬದಿಯ ಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ನಿಮ್ಮ ಕಣ್ಣೂ ಅದೇ ದಾರಿಯಲ್ಲಿದ್ದರೆ ಮಾತ್ರ ಆ ಹಸಿರು ಹೊಳಪು ಕಾಣುತ್ತದೆ. ಎದೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿ. ಹಿಂದಿನ ಮೆಟ್ಟಿಲಿನ ಅಡಿ, ಪಂಪ್ ಶೆಡ್, ಬಚ್ಚಲಿನ ಕಟ್ಟಿಗೆ ರಾಶಿ, ತೆಂಗಿನ ಮಡಲು ಪೇರಿಸಿಟ್ಟ ಮೂಲೆ, ಹಳೆಯ ಹಂಚಿನ ಅಟ್ಟಿ, ಚರಂಡಿಯ ಚಪ್ಪಡಿ ಅಡಿ, ನಿಂತ ಕಾರಿನ ಬಾನೆಟ್. ಸಂದಿಯ ಬಾಯಿಗೆ ಅಡ್ಡ ಜೇಡರ ಬಲೆ ಹರಿಯದೆ ನಿಂತಿದ್ದರೆ ಅದರೊಳಗೆ ಯಾರೂ ನುಗ್ಗಿರುವ ಸಾಧ್ಯತೆ ಕಡಿಮೆ, ಆದರೂ ಒಮ್ಮೆ ಟಾರ್ಚ್ ಹಾಯಿಸಿ. ಯಾವ ಸಂದಿಗೂ ಬರಿಗೈ ಹಾಕಬೇಡಿ. ಮಳೆ ಬಿದ್ದ ರಾತ್ರಿ, ಹಾವುಗಳೂ ಒಣ ಜಾಗ ಹುಡುಕುತ್ತಿರುತ್ತವೆ.

ನಮ್ಮ ಮಂಗಳೂರಿನಲ್ಲಿ ಬೀಗ ಹಾಕಿದ ಮನೆಗಳದ್ದೊಂದು ತೊಂದರೆ ಉಂಟು. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ, ಹಂಚಿನ ಮನೆ ಖಾಲಿ, ಸುತ್ತ ಆಳೆತ್ತರ ಹುಲ್ಲು. ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಇಲ್ಲ. ಬೀಗದ ಕೈ ಯಾರ ಹತ್ತಿರ ಉಂಟು ಎಂದು ವಿಚಾರಿಸಿ, ಅವರನ್ನು ಕರೆದುಕೊಂಡೇ ಒಳಗೆ ಹೋಗಿ. ಅಕ್ಕಪಕ್ಕದವರಿಗೆ "ಬೆಕ್ಕು ಕಂಡ್ರೆ ಹೇಳಿ" ಅಂದರೆ ಸಾಲದು. "ನಿಮ್ಮ ಶೆಡ್ಡಿನೊಳಗೆ ನಾನೇ ಒಮ್ಮೆ ಬಗ್ಗಿ ನೋಡ್ಲಾ?" ಎಂದು ಕೇಳಿ. ಅವರು ಬಾಗಿಲಲ್ಲಿ ನಿಂತು ಕಣ್ಣು ಹಾಯಿಸಿಯಾರು, ಮಂಡಿಯೂರಿ ಹುಡುಕುವವರು ನೀವೇ.

ಸುತ್ತಲಿನ ಬಾವಿಗಳನ್ನೂ ಬಿಡಬೇಡಿ, ಅದರಲ್ಲೂ ಕಟ್ಟೆ ತಗ್ಗಾಗಿರುವವು. ಬಿದ್ದ ಬೆಕ್ಕು ಎಷ್ಟೋ ಸಲ ಒಳಗಿನ ಕಲ್ಲಿನ ಅಂಚು ಹಿಡಿದು ಕೂತಿರುತ್ತದೆ. ಹಗ್ಗಕ್ಕೆ ಬುಟ್ಟಿ ಕಟ್ಟಿ ಅದರ ಪಕ್ಕಕ್ಕೆ ಇಳಿಸಿ, ಸ್ವಲ್ಪ ಹೊತ್ತು ಅಲುಗಾಡಿಸದೆ ಬಿಟ್ಟರೆ ತಾನೇ ಹತ್ತಬಹುದು. ಯಾರನ್ನೂ ಬಾವಿಗೆ ಇಳಿಸಬೇಡಿ, ಅಡಿಯಲ್ಲಿ ಉಸಿರಾಡುವ ಗಾಳಿ ಇಲ್ಲದೆ ಮನುಷ್ಯರೇ ಸತ್ತದ್ದುಂಟು. 112ಕ್ಕೋ 101ಕ್ಕೋ ಫೋನ್ ಮಾಡಿ, ಅಗ್ನಿಶಾಮಕದವರು ಬರುತ್ತಾರೆ.

ರಾತ್ರಿ ಹಿಂದಿನ ಬಾಗಿಲಿನ ಹತ್ತಿರ ಒಂದು ತಟ್ಟೆಯಲ್ಲಿ ಹುರಿದ ಬೂತಾಯಿ ಇಡಿ, ಸುತ್ತ ಒಲೆಯ ಬೂದಿಯನ್ನು ತೆಳ್ಳಗೆ ಹರಡಿ. ಬೆಳಿಗ್ಗೆ ಮೀನು ಇಲ್ಲದಿದ್ದರೆ ತಿಂದದ್ದು ಯಾರು ಎಂದು ಬೂದಿ ಹೇಳುತ್ತದೆ. ನಾಲ್ಕು ಬೆರಳಿನ ದುಂಡು ಗುರುತು, ಉಗುರಿನ ಗೀರು ಇಲ್ಲ ಎಂದರೆ ಬೆಕ್ಕು. ಐದು ಬೆರಳು, ಮುಂದೆ ಉಗುರಿನ ಚುಕ್ಕೆ ಇದ್ದರೆ ಮುಂಗುಸಿ ಇರಬಹುದು. ಗುರುತಿನ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.

ಮಗಳಿಗೂ ಒಂದು ಕೆಲಸ ಕೊಡಿ. ಸಂಜೆ ಹಿಂದಿನ ಮೆಟ್ಟಿಲಲ್ಲಿ ಕೂತು, ದಿನವೂ ಮಾತಾಡುವ ದನಿಯಲ್ಲೇ ಶಾಲೆಯ ಪಾಠ ಓದಲಿ. ಗಾಬರಿಯಿಂದ ಕೂಗುವ ದನಿಗಿಂತ ಅದು ಚಿನ್ನುವಿಗೆ ಹೆಚ್ಚು ಪರಿಚಿತ.

ಸದಸ್ಯರೊಬ್ಬರು (ಸುರತ್ಕಲ್):
ಬೆಕ್ಕು ಗಲೀಜು ಮಾಡುವ ಮರಳಿನ ತಟ್ಟೆ ಹೊರಗಿಟ್ಟರೆ ವಾಸನೆ ಹಿಡಿದು ಬರ್ತದಂತೆ, ಎಲ್ಲ ಕಡೆ ಶೇರ್ ಆಗ್ತಾ ಉಂಟು. ಸರಿಯಾ?

ಉತ್ತರ (ಪಶುವೈದ್ಯ):
ನಾನು ಇಡಲು ಹೇಳುವುದಿಲ್ಲ. ಆ ವಾಸನೆ ಬೀದಿಯ ಗಂಡು ಬೆಕ್ಕುಗಳನ್ನೂ ಕರೆಯುತ್ತದೆ. ಅವು ಅಂಗಳದಲ್ಲಿ ಠಳಾಯಿಸುತ್ತಿದ್ದರೆ ಒಳಗೆ ಅಡಗಿದ ಹೆಣ್ಣು ಬೆಕ್ಕು ಹೊರಗೆ ಬರುವುದು ಹೇಗೆ? ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ಮಳೆ ತಾಗದ ಕಡೆ ಇಡಿ, ಸಾಕು.

ಪ್ರಶ್ನೆ (ಉಡುಪಿ ಕುಂಜಿಬೆಟ್ಟಿನ ಸದಸ್ಯ):
ಸರ್, ನಮ್ಮದು ನಾಯಿ. ಲ್ಯಾಬ್ರಡಾರ್ ಮಿಶ್ರ ತಳಿ, ಗಂಡು. ಮೊನ್ನೆ ಪಟಾಕಿ ಸದ್ದಿಗೆ ಚೈನು ಕಿತ್ತುಕೊಂಡು ಓಡಿದ್ದು. ಇಂದ್ರಾಳಿ ರೈಲ್ವೆ ಸ್ಟೇಷನ್ ಹತ್ತಿರ ನಿನ್ನೆ ಒಬ್ಬರು ಕಂಡಿದ್ದಾರೆ. ನಾನು ಬೈಕಲ್ಲಿ ಹೋದೆ, ನನ್ನನ್ನೇ ನೋಡಿ ಓಡಿಹೋಯಿತು! ಐದು ವರ್ಷ ಸಾಕಿದ ನಾಯಿ ಸರ್. ಹೀಗೂ ಆಗ್ತದಾ?

ಉತ್ತರ (ಪಶುವೈದ್ಯ):
ಆಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಹೊತ್ತಿಗೆ ಅದು ನಿಮ್ಮನ್ನು ಕಂಡದ್ದಲ್ಲ, ತನ್ನ ಕಡೆ ಸದ್ದು ಮಾಡುತ್ತಾ ಬರುವ ಬೈಕನ್ನು ಕಂಡದ್ದು. ಬೆಕ್ಕು ಹೆದರಿದರೆ ಅಡಗುತ್ತದೆ, ನಾಯಿ ಓಡುತ್ತದೆ. ಹಾಗಾಗಿ ನಿಮ್ಮ ಹುಡುಕಾಟದ ರೀತಿಯೇ ಬೇರೆ.

ಇನ್ನು ಮುಂದೆ ಯಾರೂ ಅದನ್ನು ಅಟ್ಟಿಸಿಕೊಂಡು ಹೋಗಬಾರದು, ಹೆಸರು ಕೂಗಬಾರದು, ನಾಲ್ಕು ಜನ ಸುತ್ತುವರಿಯಬಾರದು. ಇಂದ್ರಾಳಿಯಲ್ಲಿ ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಮಣಿಪಾಲಕ್ಕೆ ಹೋಗುವ ಹೆದ್ದಾರಿ 169ಎ. ಹಿಂದೆ ಯಾರಾದರೂ ಓಡಿದರೆ ಅದು ಈ ಎರಡರಲ್ಲಿ ಒಂದಕ್ಕೆ ಬೀಳುತ್ತದೆ. ಪೋಸ್ಟರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ "ಹಿಡಿಯಲು ಹೋಗಬೇಡಿ, ಫೋನ್ ಮಾಡಿ" ಎಂದೇ ಇರಲಿ. ಫೋನ್ ನಂಬರ್ ರಿಕ್ಷಾದಲ್ಲಿ ಹೋಗುವವರಿಗೂ ಓದಲು ಬರುವಷ್ಟು ದಪ್ಪ ಇರಲಿ, ಒಂದೇ ಫೋಟೊ ಸಾಕು. ಮಳೆಗೆ ಶಾಯಿ ಹರಿಯದ ಹಾಗೆ ಲ್ಯಾಮಿನೇಟ್ ಮಾಡಿಸಿ.

ಪೋಸ್ಟರಿಗಿಂತ ಜನ ಮುಖ್ಯ. ನಸುಕಿನಲ್ಲಿ ರಸ್ತೆಗೆ ಇಳಿಯುವವರನ್ನು ಹುಡುಕಿ ಮಾತಾಡಿಸಿ: ಪೇಪರ್ ಹಾಕುವ ಹುಡುಗರು, ಹಾಲಿನವರು, ಸ್ಕೂಟರಿನಲ್ಲಿ ಮೀನು ತರುವವರು, ಪೌರಕಾರ್ಮಿಕರು, ಸ್ಟೇಷನ್ನಿನ ರಿಕ್ಷಾ ಚಾಲಕರು. ತುಳುವಿನಲ್ಲೇ ಕೇಳಿ, ಮಾತು ಬೇಗ ಬಿಚ್ಚುತ್ತದೆ. ಕೇಳಲು ಸಂಕಟವಾದರೂ ಪೌರಕಾರ್ಮಿಕರಲ್ಲಿ ಇನ್ನೊಂದು ಮಾತು ವಿಚಾರಿಸಬೇಕು. ರಸ್ತೆಯಲ್ಲಿ ವಾಹನ ತಾಗಿ ಸತ್ತ ಪ್ರಾಣಿಯನ್ನು ತೆಗೆಯುವವರು ಅವರೇ. ನಗರಸಭೆಗೂ ಫೋಟೊ ಕೊಡಿ. ಬೀದಿನಾಯಿಗಳ ಸಂತಾನಹರಣಕ್ಕೆ ಹಿಡಿಯುವಾಗ ಕೊರಳಪಟ್ಟಿ ಇಲ್ಲದ ಸಾಕುನಾಯಿಯೂ ಗಾಡಿ ಹತ್ತಬಹುದು.

ಯಾರು ಎಲ್ಲಿ, ಎಷ್ಟು ಗಂಟೆಗೆ ಕಂಡರು, ಯಾವ ಕಡೆ ಮುಖ ಮಾಡಿ ಹೋಗುತ್ತಿತ್ತು ಎನ್ನುವುದನ್ನು ಬರೆದಿಡಿ. ಒಂದೊಂದು ಬೀದಿಗೂ ಅದರದ್ದೇ ನಾಯಿಗಳಿವೆ, ಹೊಸಬನನ್ನು ನಿಲ್ಲಗೊಡುವುದಿಲ್ಲ. ಅದಕ್ಕೇ ಓಡಿದ ನಾಯಿ ಕೊನೆಗೆ ಬೇರೆ ನಾಯಿಗಳಿಲ್ಲದ ಕಡೆ, ಹಳಿಯ ಅಂಚಿನ ಪೊದೆ, ಖಾಲಿ ಸೈಟು, ಕಟ್ಟಡ ಕೆಲಸದ ಜಾಗ, ಇಂಥಲ್ಲಿ ತಂಗುತ್ತದೆ. ಒಂದೇ ಜಾಗದಲ್ಲಿ ಎರಡು ಸಲ ಕಂಡಿತು ಎಂದು ಗೊತ್ತಾದರೆ ಅಲ್ಲಿ ದಿನವೂ ಅದೇ ಹೊತ್ತಿಗೆ ಅನ್ನ, ಮಾಂಸ ಇಡಿ, ಸುಮ್ಮನೆ ಬಂದುಬಿಡಿ. ಕಣ್ಣಿಗೆ ಬಿದ್ದರೆ ನೆಲದಲ್ಲಿ ಕೂತುಬಿಡಿ, ಮುಖ ಬೇರೆ ಕಡೆ ತಿರುಗಿಸಿ. ಕಣ್ಣಲ್ಲಿ ಕಣ್ಣಿಡಬೇಡಿ. ಬಿಸ್ಕತ್ತು ಮುರಿದು ಒಂದೊಂದೇ ಚೂರು ಪಕ್ಕಕ್ಕೆ ಎಸೆಯುತ್ತಾ, ಮನೆಯಲ್ಲಿ ಮಾತಾಡಿದಂತೆ ಮೆಲ್ಲಗೆ ಮಾತಾಡಿ. ನಿಮ್ಮ ವಾಸನೆ ಮೂಗಿಗೆ ತಾಗಿದ ಗಳಿಗೆಯಲ್ಲಿ ಅದರ ಬಾಲ ತಾನೇ ಹೇಳುತ್ತದೆ. ಆಗಲೂ ಹಾರಿ ಹಿಡಿಯಬೇಡಿ, ಮೈಮೇಲೆ ಬಂದು ಒರಗಿದ ಮೇಲೆ ಹಗ್ಗ ಹಾಕಿ.

ರಾತ್ರಿ ನಿಮ್ಮ ಗೇಟು ತೆರೆದೇ ಇರಲಿ, ಒಮ್ಮೊಮ್ಮೆ ಊರು ಮಲಗಿದ ಮೇಲೆ ತಾವೇ ಮನೆಗೆ ಬಂದು ಮುಚ್ಚಿದ ಗೇಟು ಕಂಡು ಹಿಂದಿರುಗುತ್ತವೆ. ಮಣಿಪಾಲದ ಗುಡ್ಡೆ ಕಡೆ ಕತ್ತಲಲ್ಲಿ ಒಬ್ಬರೇ ಹುಡುಕಲು ಹೋಗಬೇಡಿ, ಆ ಭಾಗದಲ್ಲಿ ಚಿರತೆ ಕಂಡದ್ದುಂಟು.

ಪ್ರಶ್ನೆ (ಕುಲಶೇಖರದ ಸದಸ್ಯೆ):
ಮೈಕ್ರೋಚಿಪ್ ಹಾಕಿಸಿದರೆ ಮೊಬೈಲಿನಲ್ಲಿ ಎಲ್ಲಿದೆ ಎಂದು ಕಾಣುತ್ತದಲ್ಲ ಡಾಕ್ಟ್ರೇ?

ಉತ್ತರ (ಪಶುವೈದ್ಯ):
ಇಲ್ಲ. ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು, ಅದರಲ್ಲಿ ಬ್ಯಾಟರಿ ಇಲ್ಲ, 15 ಅಂಕಿಯ ಒಂದು ಸಂಖ್ಯೆ ಮಾತ್ರ. ಓದುವ ಯಂತ್ರವನ್ನು ಮೈಹತ್ತಿರ ತಂದಾಗಷ್ಟೇ ಅದು ಕಾಣುತ್ತದೆ, ಆ ಯಂತ್ರ ಎಲ್ಲ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ. ಇದು ನನ್ನದೇ ಪ್ರಾಣಿ ಎಂದು ಸಾಧಿಸಲು ಒಳ್ಳೆಯದು, ಹಾಕಿಸಿ. ಎಲ್ಲಿದೆ ಎಂದು ತಿಳಿಯಬೇಕಿದ್ದರೆ ಕೊರಳಿಗೆ ಜಿಪಿಎಸ್ ಬೇಕು. ನನ್ನನ್ನು ಕೇಳಿದರೆ ಎರಡಕ್ಕೂ ಮೊದಲು ಫೋನ್ ನಂಬರ್ ಬರೆದ ಕೊರಳಪಟ್ಟಿ. ಬೆಕ್ಕಿಗಾದರೆ ಕೊಂಬೆಗೆ ಸಿಕ್ಕಿದಾಗ ತಾನೇ ಬಿಚ್ಚಿಕೊಳ್ಳುವ ಪಟ್ಟಿಯನ್ನೇ ಕೊಳ್ಳಿ.

ಪ್ರಶ್ನೆ (ಕುಂಜಿಬೆಟ್ಟಿನವರೇ):
ಸರ್, ಒಬ್ಬ ಫೋನ್ ಮಾಡಿ ನಾಯಿ ನನ್ನ ಹತ್ತಿರ ಉಂಟು, ಗಾಡಿ ಬಾಡಿಗೆಗೆ ಮೊದಲು ಗೂಗಲ್ ಪೇ ಮಾಡಿ ಅಂತಾನೆ. ಮಾಡಬಹುದಾ?

ಉತ್ತರ (ಪಶುವೈದ್ಯ):
ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಈಗಲೇ ವೀಡಿಯೊ ಕಾಲ್ ಮಾಡಿ ನಾಯಿ ತೋರಿಸಲು ಹೇಳಿ. ಪೋಸ್ಟರಿನಲ್ಲಿ ಇಲ್ಲದ ಒಂದು ಗುರುತು, ಹೊಟ್ಟೆಯ ಮಚ್ಚೆಯೋ ಕಾಲಿನ ಹಳೆಯ ಗಾಯವೋ, ಅದನ್ನು ನೀವು ಹೇಳದೆ ಅವರಿಂದಲೇ ಕೇಳಿ. ಸಿಕ್ಕಿದ್ದು ನಿಜವಾಗಿದ್ದರೆ ತೋರಿಸಲು ಹಿಂದೆಮುಂದೆ ನೋಡುವುದಿಲ್ಲ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ. ಬಹುಮಾನದ ಮೊತ್ತವನ್ನು ಪೋಸ್ಟರಿನಲ್ಲಿ ಹಾಕಿದ್ದರೆ ತೆಗೆಸಿ.

ಬಿಜೈಯ ಸದಸ್ಯೆ:
ಡಾಕ್ಟ್ರೇ, ಚಿನ್ನು ಕಂಡಳು! ಹಿಂದಿನ ಬೀಗ ಹಾಕಿದ ಮನೆಯ ಕಟ್ಟಿಗೆ ರಾಶಿಯ ಹಿಂದೆ. ನೀವು ಹೇಳಿದ ಹಾಗೆ ಟಾರ್ಚ್ ಹಿಡಿದಾಗ ಎರಡು ಕಣ್ಣು ಮಿಂಚಿತು. ಹಗಲು ಅದೇ ಜಾಗದಲ್ಲಿ ನಿಂತು ಕರೆದಿದ್ದೆವು, ಉಸಿರೇ ಇರಲಿಲ್ಲ. ಈಗ ಹತ್ತಿರ ಹೋದರೆ ಇನ್ನೂ ಒಳಗೆ ಸರಿಯುತ್ತಾಳೆ. ಕಟ್ಟಿಗೆ ತೆಗೆಯಲಾ?

ಉತ್ತರ (ಪಶುವೈದ್ಯ):
ಬಹಳ ಸಂತೋಷ ಅಕ್ಕಾ! ಕಟ್ಟಿಗೆ ಮುಟ್ಟಬೇಡಿ. ಒಂದು ತುಂಡು ಜಾರಿದರೂ ಓಡಿಬಿಡುತ್ತಾಳೆ, ಎರಡನೆಯ ಅಡಗುತಾಣ ಹುಡುಕುವುದು ಮೊದಲನೆಯದಕ್ಕಿಂತ ಕಷ್ಟ. ಮಗಳೊಬ್ಬಳೇ ಮೂರು ನಾಲ್ಕು ಅಡಿ ದೂರದಲ್ಲಿ ಕೂರಲಿ, ಉಳಿದವರು ಗೇಟಿನ ಹೊರಗಿರಿ. ಮೀನಿನ ತಟ್ಟೆಯನ್ನು ನಡುವೆ ಇಟ್ಟು, ಅದು ತಿನ್ನಲು ಬಂದ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಹತ್ತಿರಕ್ಕೆ ಎಳೆಯಲಿ. ಬೆಳಗಾದರೂ ಬರದಿದ್ದರೆ ಬೋನು ಇಡೋಣ. ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್‌ನಲ್ಲಿ ಒಮ್ಮೆ ಕೇಳಿ ನೋಡಿ. ಮೀನನ್ನು ಬೋನಿನ ತೀರಾ ಹಿಂದಿನ ತುದಿಗೆ ಇಟ್ಟು ದೂರದಿಂದ ಕಾವಲು ಕೂರಿ, ಹಾಗೇ ಬಿಟ್ಟು ಮಲಗಬೇಡಿ, ಇರುವೆ ಮುತ್ತುತ್ತದೆ. ಸಿಕ್ಕಿದ ತಕ್ಷಣ ದಪ್ಪ ಟವೆಲ್ ಹೊದಿಸಿ, ಕತ್ತಲಾದರೆ ಸುಮ್ಮನಾಗುತ್ತಾಳೆ.

ಎತ್ತಿಕೊಳ್ಳುವಾಗ ಕಚ್ಚಿದರೆ, ಪರಚಿದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಮನೆಯ ಬೆಕ್ಕೇ ಅಲ್ವಾ ಎಂದು ಬಿಡಬೇಡಿ, ಹೊರಗೆ ಯಾವುದರ ಜೊತೆ ಜಗಳವಾಗಿದೆಯೋ ಗೊತ್ತಿಲ್ಲ. ಮನೆಗೆ ತಂದ ಮೇಲೆ ಒಂದೇ ಕೋಣೆಯಲ್ಲಿ ಇರಿಸಿ, ನೀರು ಕೊಡಿ, ಆಹಾರ ಚೂರು ಚೂರೇ ನಾಲ್ಕೈದು ಸಲ ಕೊಡಿ. ಮನೆಗೆ ಬಂದೂ ಒಂದು ದಿನ ಪೂರ್ತಿ ಬಾಯಿಗೆ ಏನೂ ಇಡದಿದ್ದರೆ ನನ್ನ ಹತ್ತಿರ ಕರೆತನ್ನಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತು ಬೇಗ ಕೆಡುತ್ತದೆ, ತಡವಾದರೆ ಚಿಕಿತ್ಸೆ ಕಷ್ಟ. ಪೈಂಟಿಂಗಿನವರು ಇನ್ನೂ ಬರುತ್ತಿದ್ದರೆ ಆ ಕೋಣೆಗೆ ಹೊರಗಿನಿಂದ ಚಿಲಕ ಇರಲಿ. ಬಾಗಿಲು, ಕಿಟಕಿ ಎಲ್ಲ ಮುಚ್ಚಿದೆ ಎಂದು ಖಾತ್ರಿಯಾದ ಮೇಲೆಯೇ ಟವೆಲ್ ಬಿಚ್ಚಿ.