ಗ್ಯಾರಂಟಿಗಳಿಗೆ ಹಣ ಎಲ್ಲಿಂದ ಬರುತ್ತದೆ?

ಪ್ರಶ್ನೆ (4 ಮೇ 2023)

ಮೇ 10ರ ವಿಧಾನಸಭಾ ಚುನಾವಣೆಯ ಮತದಾನಕ್ಕೆ ಇನ್ನು ಒಂದು ವಾರವೂ ಉಳಿದಿಲ್ಲ. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿ ಇರುವ ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡು ನಮ್ಮ ಮನೆಗೂ ಬಂದಿದೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ಉಚಿತ ವಿದ್ಯುತ್, ಬಿಪಿಎಲ್ ಕುಟುಂಬದ ಪ್ರತಿಯೊಬ್ಬರಿಗೂ 10 ಕಿಲೋ ಅಕ್ಕಿ, ನಿರುದ್ಯೋಗಿ ಪದವೀಧರರಿಗೆ 3,000 ರೂಪಾಯಿಯ ಭತ್ಯೆ ಇವೆಲ್ಲ ಮೊದಲೇ ಇದ್ದವು. ಕಳೆದ ವಾರ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವೂ ಸೇರಿದೆ. ಇವನ್ನು ಬಿಟ್ಟಿ ಭಾಗ್ಯ ಎಂದು ಹೀಯಾಳಿಸುವವರ ಜೊತೆ ನಾನಿಲ್ಲ. ಆದರೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ಒಟ್ಟು ಖರ್ಚು ಎಷ್ಟು, ಅದನ್ನು ಹೊಂದಿಸುವುದು ಹೇಗೆ ಎಂಬ ಒಂದು ಸಾಲೂ ಅದರಲ್ಲಿಲ್ಲ. ರಾಜ್ಯದ ಬೊಕ್ಕಸ ಇದನ್ನು ತಡೆದುಕೊಳ್ಳುತ್ತದೆಯೇ?

ಉತ್ತರ 1

ಯಜಮಾನಿಯ 2,000 ರೂಪಾಯಿಯನ್ನೇ ಮೊದಲು ತೆಗೆದುಕೊಳ್ಳೋಣ. ಒಂದು ಕೋಟಿ ಕುಟುಂಬಗಳಿಗೆ ಕೊಡುತ್ತಾರೆ ಎಂದಿಟ್ಟುಕೊಂಡರೆ ವರ್ಷಕ್ಕೆ 24,000 ಕೋಟಿ ರೂಪಾಯಿ ಬೇಕು. ಫೆಬ್ರುವರಿಯಲ್ಲಿ ಬಸವರಾಜ ಬೊಮ್ಮಾಯಿಯವರು ಮಂಡಿಸಿದ ಬಜೆಟ್ಟಿನ ಗಾತ್ರ ಸುಮಾರು 3.09 ಲಕ್ಷ ಕೋಟಿ. ಅಂದರೆ ಈ ಒಂದೇ ಭರವಸೆ ಅದರ ನೂರಕ್ಕೆ ಎಂಟರಷ್ಟನ್ನು ಕೇಳುತ್ತದೆ. ಆ ಬಜೆಟ್ಟಿನಲ್ಲಿ ತೋರಿಸಿದ ರಾಜಸ್ವ ಹೆಚ್ಚುವರಿಯಾದರೋ, ಅಂದರೆ ದಿನನಿತ್ಯದ ಖರ್ಚು ಕಳೆದು ಉಳಿಯುವ ಆದಾಯ, ಕೇವಲ 402 ಕೋಟಿ.

ನ್ಯಾಯವಾಗಿ ಮಾತಾಡುವುದಾದರೆ ಬಿಜೆಪಿಯ ಪ್ರಣಾಳಿಕೆಯನ್ನೂ ಇದೇ ತಕ್ಕಡಿಗೆ ಹಾಕಬೇಕು. ಬಿಪಿಎಲ್ ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದರೆ ಲೀಟರಿಗೆ 39 ರೂಪಾಯಿಯಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ 7,100 ರೂಪಾಯಿಗೂ ಮಿಕ್ಕಿ ಆಗುತ್ತದೆ. ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಕೊಡುವ ಮೂರು ಸಿಲಿಂಡರಿಗೆ ಇನ್ನೂ 3,300. ಅದೇ ಒಂದು ಕೋಟಿ ಕುಟುಂಬಗಳ ಲೆಕ್ಕದಲ್ಲಿ ಇದು 10,000 ಕೋಟಿಯನ್ನು ದಾಟುತ್ತದೆ, ಮತ್ತು ಅದೇ ಪ್ರಣಾಳಿಕೆಯ ಸಿರಿಧಾನ್ಯವನ್ನು ನಾನಿನ್ನೂ ಸೇರಿಸಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಖರ್ಚಿನ ಗಾತ್ರಕ್ಕಿಂತ ಆದಾಯದ ಬಾಗಿಲುಗಳು ಎಷ್ಟು ಕಡಿಮೆ ಎಂಬುದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಬಹುಪಾಲು ಸರಕುಗಳ ತೆರಿಗೆಯನ್ನು ರಾಜ್ಯವು ತಾನೇ ಏರಿಸುವಂತಿಲ್ಲ, ಮತ್ತು ಅದರಿಂದಾದ ನಷ್ಟಕ್ಕೆ ಕೇಂದ್ರದಿಂದ ಬರುತ್ತಿದ್ದ ಪರಿಹಾರದ ಅವಧಿಯೂ 2022ರ ಜೂನ್‌ಗೆ ಮುಗಿದಿದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು, ಆ ಹಂಚಿಕೆಯನ್ನು ಶಿಫಾರಸು ಮಾಡುವ ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಹೀಗಾಗಿ ಯಾವ ಪಕ್ಷ ಗೆದ್ದರೂ ಅದರ ಕೈಯಲ್ಲಿ ಮುಖ್ಯವಾಗಿ ಉಳಿದಿರುವುದು ಮದ್ಯದ ಮೇಲಿನ ಅಬಕಾರಿ ಸುಂಕ, ಆಸ್ತಿ ನೋಂದಣಿ ಮತ್ತು ಮುದ್ರಾಂಕ, ವಾಹನ ತೆರಿಗೆ, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ. ಇವು ಸಾಲದಿದ್ದರೆ ಸಾಲ ಮಾಡಬೇಕು. ಅದಕ್ಕೂ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿಯಿದೆ. ಕೊನೆಗೆ ಕತ್ತರಿ ಬೀಳುವುದು ಕೆರೆ, ನಾಲೆ, ರಸ್ತೆಗಳ ಕಾಮಗಾರಿಗೆ, ಏಕೆಂದರೆ ಸಂಬಳ, ಪಿಂಚಣಿ, ಬಡ್ಡಿಗಳನ್ನು ಯಾರೂ ಮುಟ್ಟಲಾರರು.

ಉತ್ತರ 2

ಮೇಲಿನ ಲೆಕ್ಕ ಸರಿಯಿದೆ. ಆದರೆ ಅದು ಒಂದು ಕಡೆಯ ಲೆಕ್ಕ ಮಾತ್ರ. ನನ್ನ ಅಕ್ಕ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಸಂಬಳ ಬಂದ ಸಂಜೆ ಮಗನ ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬಾಡಿಗೆ, ಬಸ್ಸು, ಹಾಲು, ಚೀಟಿ ಎಂದು ಬರೆಯುತ್ತಾಳೆ. ಸಿಲಿಂಡರ್ 1,100 ರೂಪಾಯಿ ದಾಟಿದ ತಿಂಗಳು ಚೀಟಿಯ ಸಾಲನ್ನು ಹೊಡೆದುಹಾಕಿದ್ದನ್ನು ನಾನೇ ಕಂಡೆ. ಆ ಪುಟಕ್ಕೆ 2,000 ರೂಪಾಯಿ ಬಂದು ಬಸ್ಸಿನ ಸಾಲು ಅಳಿಸಿಹೋದರೆ, ಉಳಿಯುವ ದುಡ್ಡು ಅದೇ ವಾರ ಅಂಗಡಿಗೂ ಮಗನ ಟ್ಯೂಷನ್ನಿಗೂ ಹೋಗುತ್ತದೆ. ಬೊಕ್ಕಸದಿಂದ ಹೊರಟ ಹಣ ಊರಲ್ಲೇ ತಿರುಗುತ್ತದೆ ಎಂಬುದನ್ನು ಖರ್ಚಿನ ಪಟ್ಟಿ ತೋರಿಸುವುದಿಲ್ಲ. ಕಾಮಗಾರಿ ನಿಲ್ಲಬಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಬಡವರ ಮನೆಗೆ ನೇರವಾಗಿ ಹೋಗುವ ಹಣವನ್ನೇ ಮೊದಲು ಪೋಲು ಎಂದು ಕರೆಯುವ ಅಭ್ಯಾಸ ನನಗೆ ನೋವು ಕೊಡುತ್ತದೆ.

ಉತ್ತರ 3

ವಿದ್ಯುತ್ತಿನ ಬಗ್ಗೆ ಒಂದು ಮಾತು. ಸರ್ಕಾರ ಉಚಿತ ಎಂದು ಘೋಷಿಸಿದರೆ ಆ ಮೊತ್ತವನ್ನು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ಮುಂಗಡವಾಗಿ ಕಟ್ಟಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಹಾಗೆಂದೇ ಹೇಳುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳ ಸಬ್ಸಿಡಿಯ ಹೊರೆ ಈಗಾಗಲೇ ಇದೆ, 200 ಯೂನಿಟ್ಟಿನದು ಅದರ ಮೇಲೆ ಬರುತ್ತದೆ.

ಉತ್ತರ 4

ಖರ್ಚಿನ ಲೆಕ್ಕ ಕೇಳುವುದು ಮತದಾರನ ಅಧಿಕಪ್ರಸಂಗವಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್, ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ, ಪ್ರಣಾಳಿಕೆಯ ಭರವಸೆಗಳು ಚುನಾವಣಾ ಭ್ರಷ್ಟಾಚಾರವಾಗುವುದಿಲ್ಲ ಎಂದಿತು. ಜೊತೆಗೆ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಅದರಂತೆ, ಭರವಸೆಗೆ ಬೇಕಾದ ಹಣವನ್ನು ಹೇಗೆ ಹೊಂದಿಸುತ್ತೇವೆ ಎಂಬುದನ್ನು ಸ್ಥೂಲವಾಗಿಯಾದರೂ ತಿಳಿಸಬೇಕು ಎಂದು ಮಾದರಿ ನೀತಿ ಸಂಹಿತೆಯಲ್ಲೇ ಬರೆದಿದೆ. ಅದನ್ನು ಪಾಲಿಸಿದ ಪ್ರಣಾಳಿಕೆಯನ್ನು ನಾನು ಈ ಸಲ ಒಂದನ್ನೂ ಕಾಣಲಿಲ್ಲ.

ಲೆಕ್ಕವಿಲ್ಲದ ಭರವಸೆಗೆ ಷರತ್ತುಗಳು ಗೆದ್ದ ಮೇಲೆ ಹುಟ್ಟುತ್ತವೆ. 2018ರಲ್ಲಿ ಸಂಪೂರ್ಣ ಸಾಲ ಮನ್ನಾ ಎಂಬ ಭರವಸೆಯನ್ನು ಪ್ರಚಾರದಲ್ಲಿ ಕೇಳಿಸಿಕೊಂಡ ರೈತರಿಗೆ, ಆ ಜುಲೈನ ಬಜೆಟ್ಟಿನಲ್ಲಿ ಕಂಡದ್ದು ಕುಟುಂಬಕ್ಕೆ 2 ಲಕ್ಷ ರೂಪಾಯಿಯ ಮಿತಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಭಾನುವಾರ ಇಬ್ಬರು ಅಭ್ಯರ್ಥಿಗಳು ನಮ್ಮ ಬೀದಿಗೆ ಮತ ಕೇಳಲು ಬರುತ್ತಾರಂತೆ. ಮದ್ಯ, ನೋಂದಣಿ, ವಾಹನ, ಪೆಟ್ರೋಲ್, ಈ ನಾಲ್ಕರಲ್ಲಿ ಯಾವುದನ್ನು ಏರಿಸುತ್ತೀರಿ, ಇಲ್ಲವಾದರೆ ಯಾವ ಕಾಮಗಾರಿಯನ್ನು ಬಿಡುತ್ತೀರಿ ಎಂದು ಇಬ್ಬರನ್ನೂ ಕೇಳುತ್ತೇನೆ. ಅವರು ಕೊಟ್ಟ ಉತ್ತರವನ್ನು ಅಂದು ರಾತ್ರಿಯೇ ಇಲ್ಲಿ ಬರೆಯುತ್ತೇನೆ.