ಹಬ್ಬಕ್ಕೆ ಇನ್ನು ಹದಿನೆಂಟು ದಿನ: ನಮ್ಮ ಬೀದಿಯ ನಾಯಿಗಳಿಗೆ ಈ ಸಲ ಏನು ಮಾಡೋಣ?

3ನೇ ಕ್ರಾಸ್, 17ನೇ ನಂಬರ್ ಮನೆ
ಎಲ್ಲರಿಗೂ ನಮಸ್ಕಾರ. ಮೆಸೇಜ್ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಕಳೆದ ವರ್ಷ ನಾವು ಈ ವಿಷಯ ಮಾತಾಡಿದ್ದು ಹಬ್ಬದ ಹಿಂದಿನ ರಾತ್ರಿ. ಅಷ್ಟು ಹೊತ್ತಿಗೆ ಎಲ್ಲರ ಮನೆಗೂ ಪಟಾಕಿ ಬಂದಾಗಿತ್ತು, ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅದಕ್ಕೇ ಈ ಸಲ ಈಗಲೇ ಬರೆಯುತ್ತಿದ್ದೇನೆ.

ನರಕ ಚತುರ್ದಶಿ ಬೆಳಗ್ಗೆ ಐದೂವರೆ ಇರಬಹುದು. ಎಣ್ಣೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದೆವು. ಗೇಟಿನ ಹೊರಗೆ ಯಾರೋ ಸರ ಹಚ್ಚಿದರು. ನಮ್ಮ ಬ್ರೂನೋ ಬಚ್ಚಲುಮನೆಗೆ ನುಗ್ಗಿ ವಾಷಿಂಗ್ ಮಷಿನ್ ಹಿಂದೆ ಸೇರಿಕೊಂಡ. ಅವನು 28 ಕೆಜಿ ನಾಯಿ, ಆ ಸಂದಿ ಒಂದು ಗೇಣು. ಹತ್ತಿರ ಹೋಗಿ ನೋಡಿದರೆ ಮೈಯೆಲ್ಲ ನಡುಗುತ್ತಿತ್ತು, ಜೊಲ್ಲು ಸುರಿದು ಎದೆಯ ಕೂದಲು ಒದ್ದೆಯಾಗಿತ್ತು, ಟೈಲ್ಸ್ ಕೆರೆದು ಕೆರೆದು ಮುಂಗಾಲಿನ ಎರಡು ಉಗುರು ಕಿತ್ತು ಬಂದಿದ್ದವು. ಒಂಬತ್ತು ವರ್ಷದಿಂದ ನನ್ನ ಜೊತೆ ಇರುವ ನಾಯಿ, ಆವತ್ತು ನನ್ನ ಕಡೆಗೆ ನೋಡಿದರೂ ಗುರುತು ಹಿಡಿದ ಹಾಗೆ ಕಾಣಲಿಲ್ಲ.

ಬ್ರೂನೋಗೆ ಬಚ್ಚಲುಮನೆಯಾದರೂ ಇತ್ತು. ನಮ್ಮ ಬೀದಿಯ ರಾಣಿಗೆ ಅದೂ ಇರಲಿಲ್ಲ. ಆವತ್ತು ರಾತ್ರಿ ಓಡಿಹೋದವಳು ನಾಲ್ಕನೇ ದಿನ ರಿಂಗ್ ರೋಡ್ ಆಚೆ ಸಿಕ್ಕಳು, ಹಿಂಗಾಲು ಎಳೆಯುತ್ತಿದ್ದಳು. ಇವತ್ತಿಗೂ ಬೈಕ್ ಸದ್ದು ಜೋರಾದರೆ ಕಾರಿನ ಕೆಳಗೆ ನುಗ್ಗುತ್ತಾಳೆ.

ಪಟಾಕಿ ಬೇಡ ಅಂತ ನಾನು ಕೇಳುತ್ತಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ಅಂತ ಮೊದಲೇ ಗೊತ್ತಿದ್ದರೆ ಸಾಕು, ನಾಯಿ ಸಾಕಿದವರು ತಯಾರಾಗಿರಬಹುದು. ಪಾರ್ಕ್ ಹಿಂದಿನ ಖಾಲಿ ಮೈದಾನದಲ್ಲಿ ಸದ್ದಿನ ಪಟಾಕಿ, ರಾತ್ರಿ 8ರಿಂದ 10, ಮೂರು ದಿನ. ಬೆಳಗಿನ ಜಾವ ಬೇಡ. ಏನಂತೀರಿ?

5ನೇ ಕ್ರಾಸ್, ಎರಡನೇ ಮಹಡಿ
ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳುತ್ತೇನೆ. ವರ್ಷಕ್ಕೆ ಒಂದು ಸಲ ಬರೋ ಹಬ್ಬ. ನಾವು ಚಿಕ್ಕವರಿದ್ದಾಗ ಬೆಳಗ್ಗೆ ನಾಲ್ಕಕ್ಕೇ ಎದ್ದು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಬೀದಿಯಲ್ಲಿ ಮೊದಲ ಪಟಾಕಿ ಯಾರದು ಅಂತ ಕಾಯುತ್ತಿದ್ದೆವು. ನನ್ನ ಮಗನಿಗೂ ಆ ಖುಷಿ ಬೇಕು ಅನ್ನೋದು ತಪ್ಪಾ? ಮೊದಲೆಲ್ಲ ನಾಯಿಗಳು ಇರಲಿಲ್ವಾ?

3ನೇ ಕ್ರಾಸ್, 17ನೇ ನಂಬರ್ ಮನೆ
ತಪ್ಪಲ್ಲ. ನಾನೂ ಹಾಗೇ ಬೆಳೆದವಳು. ನಾಯಿಗಳು ಆಗಲೂ ಇದ್ದವು. ಅವು ಎಲ್ಲಿಗೆ ಓಡಿದವು ಅಂತ ನಾವು ಹುಡುಕಲಿಲ್ಲ, ಅಷ್ಟೇ. ಆಗ ಸುತ್ತ ಖಾಲಿ ಸೈಟು, ತೋಟ, ಕೆರೆ ದಂಡೆ ಇದ್ದವು, ಓಡಿದರೆ ಬಚ್ಚಿಟ್ಟುಕೊಳ್ಳಲು ಜಾಗ ಇತ್ತು. ಈಗ ರಾಣಿ ಓಡಿದರೆ ಸಿಗುವುದು ರಿಂಗ್ ರೋಡ್. ಮತ್ತೆ ನಮ್ಮ ಕಿವಿಗೆ ಕೇಳಿಸೋದು 20,000 ಹರ್ಟ್ಜ್ ತನಕ, ನಾಯಿಗೆ 40,000 ದಾಟಿದರೂ ಕೇಳುತ್ತದೆ. ನಮಗೆ ಕೇಳದಷ್ಟು ಮೆಲ್ಲಗಿನ ಸದ್ದೂ ಅದಕ್ಕೆ ಗೊತ್ತಾಗುತ್ತದೆ. ಬತ್ತಿ ಹಚ್ಚಿದವರಿಗೆ ಈಗ ಸಿಡಿಯುತ್ತೆ ಅಂತ ಗೊತ್ತಿರುತ್ತದೆ, ಕಿವಿ ಮುಚ್ಚಿಕೊಳ್ಳುತ್ತೇವೆ. ಅದಕ್ಕೆ ಆ ಸದ್ದು ಎಲ್ಲಿಂದ ಬಂತು, ಇನ್ನೊಂದು ಯಾವಾಗ ಬರುತ್ತೆ, ಏನೂ ಗೊತ್ತಿಲ್ಲ.

1ನೇ ಕ್ರಾಸ್, ಮೂಲೆ ಮನೆ
ಕಾನೂನು ಏನಿದೆ ಅಂತ ಹೇಳಿಬಿಡುತ್ತೇನೆ, ಚರ್ಚೆಗೆ ಅನುಕೂಲ. ದೀಪಾವಳಿಗೆ ರಾತ್ರಿ 8ರಿಂದ 10 ಅನ್ನೋದು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದು, ಹಸಿರು ಪಟಾಕಿ ಮಾತ್ರ ಅಂತಲೂ ಹೇಳಿದೆ. ಅಂದರೆ 17ನೇ ನಂಬರಿನವರು ಹೊಸದೇನೂ ಕೇಳುತ್ತಿಲ್ಲ. 4 ಮೀಟರ್ ದೂರದಲ್ಲಿ 125 ಡೆಸಿಬಲ್‌ಗಿಂತ ಜಾಸ್ತಿ ಸದ್ದು ಮಾಡುವ ಪಟಾಕಿ ಮಾರುವ ಹಾಗೇ ಇಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 10ರ ಮೇಲೆ ಬೆಳಗ್ಗೆ 6ರ ತನಕ ಮಿತಿ 45 ಡೆಸಿಬಲ್.

ಇನ್ನೊಂದು ವಿಷಯ. ಹಸಿರು ಪಟಾಕಿ ಅಂದರೆ ಸದ್ದಿಲ್ಲದ ಪಟಾಕಿ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದರಲ್ಲಿ ಹೊಗೆಯ ಕಣಗಳು ಶೇ 30ರಷ್ಟು ಕಡಿಮೆ. ಸದ್ದು ಇದ್ದೇ ಇರುತ್ತದೆ. ಹಾಗಾಗಿ ನಾಯಿಗಳ ಮಟ್ಟಿಗೆ ಜಾಗ ಬದಲಾಯಿಸುವುದೇ ಮುಖ್ಯ. ಬಯಲಿನಲ್ಲಿ ದೂರ ಎರಡು ಪಟ್ಟಾದಷ್ಟೂ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಮೀಟರ್‌ನಲ್ಲಿ 125 ಇದ್ದದ್ದು 128 ಮೀಟರ್ ಆಚೆಗೆ 95ರ ಹತ್ತಿರ ಬರುತ್ತದೆ. ನಮ್ಮ ಕ್ರಾಸ್‌ಗಳು ಇಕ್ಕಟ್ಟು, ಎರಡೂ ಕಡೆ ಮೂರು ಮಹಡಿ ಮನೆಗಳು, ಒಂದು ಲಕ್ಷ್ಮಿ ಪಟಾಕಿ ಹೊಡೆದರೂ ಗೋಡೆಯಿಂದ ಗೋಡೆಗೆ ಬಡಿದು ಬರುತ್ತದೆ. ಬೈಪಾಸ್ ಆದಮೇಲೆ ಅದು ನನ್ನ ಎದೆಗೂ ಆಗುವುದಿಲ್ಲ.

4ನೇ ಕ್ರಾಸ್, ಹಳದಿ ಗೇಟ್
ಮೈದಾನಕ್ಕೆ ನನ್ನ ಒಪ್ಪಿಗೆ.

2ನೇ ಕ್ರಾಸ್, 9ನೇ ನಂಬರ್
ನಮ್ಮನೆಯವರಿಗೂ ಓಕೆ. ಆದರೆ ಯಾರಾದರೂ ನಾಯಿಗೆ ನಿದ್ದೆ ಮಾತ್ರೆ ಯಾವುದು ಕೊಡಬೇಕು ಅಂತ ಹೇಳಿ. ನಮ್ಮ ಮೀಕುಗೆ ಮೂರು ದಿನ ತಡೆಯೋಕೆ ಆಗಲ್ಲ. ಕಳೆದ ಸಲ ಮೆಡಿಕಲ್ ಶಾಪಿನವರು ಯಾವುದೋ ಮಾತ್ರೆ ಕೊಟ್ಟರು, ಸುಮ್ನೆ ಮಲಗಿತ್ತು.

3ನೇ ಕ್ರಾಸ್, 31ನೇ ನಂಬರ್
ದಯವಿಟ್ಟು ಹಾಗೆ ಕೊಡಬೇಡಿ. ನಾನೂ ಅದೇ ತಪ್ಪು ಮಾಡಿದ್ದೆ. ಸುಮ್ನೆ ಮಲಗಿದೆ ಅಂದರೆ ಭಯ ಹೋಗಿದೆ ಅಂತ ಅರ್ಥ ಅಲ್ಲ. ಅಸೆಪ್ರೊಮಜಿನ್ ಅಂತ ಒಂದು ಹಳೇ ಮಾತ್ರೆ ಇದೆ, ಅದನ್ನೊಂದೇ ಕೊಟ್ಟರೆ ಕೈಕಾಲು ಆಡುವುದಿಲ್ಲ, ಆದರೆ ಒಳಗೆ ಹೆದರಿಕೆ ಹಾಗೇ ಇರುತ್ತದೆ, ಓಡಲೂ ಆಗದೆ ಎಲ್ಲ ಕೇಳಿಸಿಕೊಂಡು ಬಿದ್ದಿರುತ್ತದೆ. ನಮ್ಮ ನಾಯಿಗೆ ಆಗಿದ್ದು ಅದೇ ಅಂತ ಆಮೇಲೆ ಬೇರೆ ಡಾಕ್ಟರ್ ವಿವರಿಸಿದಾಗ ನಾನು ಅತ್ತುಬಿಟ್ಟೆ. ಭಯವನ್ನೇ ತಗ್ಗಿಸುವ ಔಷಧಗಳು ಬೇರೆ ಇವೆ. ಅದನ್ನು ನಾಯಿಯ ತೂಕ, ವಯಸ್ಸು, ಹೃದಯ ನೋಡಿ ಡಾಕ್ಟರೇ ಬರೆಯಬೇಕು, ಹಬ್ಬಕ್ಕೆ ಮೊದಲೇ ಒಂದು ಸಾಮಾನ್ಯ ದಿನ ಕೊಟ್ಟು ಹೇಗಿರುತ್ತೆ ಅಂತ ನೋಡಬೇಕು. ಹಾಗಾಗಿ ಈ ವಾರವೇ ಹೋಗಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ತೋರಿಸಬಹುದು. ನಮ್ಮ ಮಾತ್ರೆ, ಪ್ಯಾರಾಸಿಟಮಾಲ್ ಬ್ರೂಫೆನ್ ಯಾವುದನ್ನೂ ಕೊಡಬೇಡಿ, ಅವು ನಾಯಿಗೆ ವಿಷ ಆಗಬಹುದು.

ಮನೆಯಲ್ಲಿ ಮಾಡುವುದು ಬಹಳ ಇದೆ. ನಾವು ಮಧ್ಯದ ರೂಮಿನಲ್ಲಿ, ಕಿಟಕಿ ಇಲ್ಲದ ಕಡೆ, ಮಂಚದ ಕೆಳಗೆ ಹಳೇ ಕಂಬಳಿ ಹಾಸಿ ಒಂದು ಗೂಡು ಮಾಡಿದ್ದೇವೆ. ಈಗಿನಿಂದಲೇ ಅಲ್ಲಿ ಊಟ ಹಾಕುತ್ತೇವೆ, ಹಬ್ಬದ ಹೊತ್ತಿಗೆ ಅದು ತನ್ನ ಜಾಗ ಅಂತ ಅಭ್ಯಾಸ ಆಗಿರುತ್ತದೆ. ಆವತ್ತು ಫ್ಯಾನ್ ಜೋರು, ಟಿವಿ ಜೋರು, ಪರದೆ ಎಳೆದು ಬೆಳಕು ಕಾಣದ ಹಾಗೆ. ಸಂಜೆ ಐದಕ್ಕೆ ಮೊದಲೇ ವಾಕಿಂಗ್ ಮುಗಿಸಿ, ಬಾಗಿಲಿಗೆ ಚಿಲಕ. ಮೊಸರನ್ನ ಒಂದು ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಇಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತೆ, ಒಗ್ಗರಣೆ ಈರುಳ್ಳಿ ಹಾಕಬೇಡಿ. ಬಚ್ಚಿಟ್ಟುಕೊಂಡರೆ ಎಳೆದು ತೆಗೆಯಬೇಡಿ. ನಿಮ್ಮ ಹತ್ತಿರ ಬಂದರೆ ತಬ್ಬಿಕೊಳ್ಳಿ. ಮುದ್ದು ಮಾಡಿದರೆ ಭಯ ಜಾಸ್ತಿ ಆಗುತ್ತೆ ಅಂತ ಹೇಳುವವರ ಮಾತು ಕೇಳಬೇಡಿ, ಹಾಗೇನೂ ಆಗುವುದಿಲ್ಲ.

4ನೇ ಕ್ರಾಸ್, ಹಳದಿ ಗೇಟ್
ಪಟಾಕಿ ಸದ್ದಿನ ವೀಡಿಯೋ ಹಾಕಿ ಈಗಲೇ ಅಭ್ಯಾಸ ಮಾಡಿಸಬಹುದಾ?

3ನೇ ಕ್ರಾಸ್, 31ನೇ ನಂಬರ್
ಈಗ ಬೇಡ. ಅದಕ್ಕೆ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಬೇಕು. ತುಂಬಾ ಸಣ್ಣ ಸದ್ದಿನಿಂದ ಶುರು ಮಾಡಿ, ಇಷ್ಟದ ತಿಂಡಿ ಕೊಡುತ್ತಾ ಹೋಗಬೇಕು. ಅವಸರದಲ್ಲಿ ಜೋರಾಗಿ ಹಾಕಿದರೆ ಇನ್ನೂ ಹೆದರುತ್ತೆ. ಹಬ್ಬ ಮುಗಿದು ಎಲ್ಲ ಶಾಂತ ಆದಮೇಲೆ, ಮುಂದಿನ ವರ್ಷಕ್ಕೆ ಅಂತ ಶುರು ಮಾಡಿ.

5ನೇ ಕ್ರಾಸ್, ಎರಡನೇ ಮಹಡಿ
ಎಲ್ಲ ಓದಿದೆ. ಮಗನ ಹತ್ತಿರವೂ ಮಾತಾಡಿದೆ. ಆನೆ ಪಟಾಕಿ, ಬಾಂಬ್, ಸರ ಎಲ್ಲ ಮೈದಾನದಲ್ಲಿ, 8ರಿಂದ 10. ಬೆಳಗ್ಗೆ ಮನೆ ಮುಂದೆ ಸುರ್‌ಸುರ್ ಬತ್ತಿ ಮಾತ್ರ ಹಚ್ಚುತ್ತಾನಂತೆ, ಅದಕ್ಕೆ ಬೇಡ ಅನ್ನಬೇಡಿ. ರಾಣಿ ಕುಂಟುತ್ತಿರುವುದು ಅದಕ್ಕೇ ಅಂತ ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

3ನೇ ಕ್ರಾಸ್, 17ನೇ ನಂಬರ್ ಮನೆ
ತುಂಬಾ ಥ್ಯಾಂಕ್ಸ್ ಸಾರ್. ಸುರ್‌ಸುರ್ ಬತ್ತಿಗೆ ಯಾರದೂ ತಕರಾರಿಲ್ಲ. ಉರಿದ ಕಡ್ಡಿ ಹಾಕಲು ಒಂದು ಬಕೆಟ್ ನೀರು ಇಟ್ಟುಕೊಳ್ಳಿ, ಬೀದಿ ನಾಯಿಗಳು ಬರಿಗಾಲಲ್ಲೇ ಓಡಾಡುತ್ತವೆ.

1ನೇ ಕ್ರಾಸ್, ಮೂಲೆ ಮನೆ
ಮೈದಾನದಲ್ಲಿ ಎರಡು ಬಕೆಟ್ ಮರಳು, ಒಂದು ಡ್ರಮ್ ನೀರು ನನ್ನ ಜವಾಬ್ದಾರಿ. ಮಕ್ಕಳು ಹಗ್ಗದ ಈಚೆ ನಿಲ್ಲಲಿ. ಪ್ರತಿ ವರ್ಷ ಮಿಂಟೋ ಆಸ್ಪತ್ರೆಗೆ ಕಣ್ಣಿಗೆ ಪೆಟ್ಟಾಗಿ ಬರುವವರಲ್ಲಿ ಸುಮ್ನೆ ನಿಂತು ನೋಡುತ್ತಿದ್ದವರೂ ಇರುತ್ತಾರೆ. ಹತ್ತು ಗಂಟೆಗೆ ನಾನೇ ವಿಷಲ್ ಹೊಡೆಯುತ್ತೇನೆ. ಹೊರಗಿನವರು ಬಂದು ಮಧ್ಯರಾತ್ರಿ ಹೊಡೆದರೆ ಜಗಳಕ್ಕೆ ಹೋಗಬೇಡಿ, 112ಕ್ಕೆ ಫೋನ್ ಮಾಡಿ.

2ನೇ ಕ್ರಾಸ್, 9ನೇ ನಂಬರ್
ಮಾರನೇ ದಿನ ಬೆಳಗ್ಗೆ ಆರಕ್ಕೆ ಮೈದಾನ ಗುಡಿಸಲು ನಾನು, ನಮ್ಮ ಯಜಮಾನರು ಬರುತ್ತೇವೆ. ಇನ್ನೂ ನಾಲ್ಕು ಜನ ಬೇಕು. ಸಿಡಿಯದ ಪಟಾಕಿ ನಾಯಿ ಕಚ್ಚಿದರೆ ಬಾಯಿ ಸುಡುವುದಲ್ಲದೆ ಒಳಗಿನ ಮದ್ದೂ ಹೊಟ್ಟೆಗೆ ಹೋಗುತ್ತೆ. ಮೀಕುಗೆ ಶನಿವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿತು.

3ನೇ ಕ್ರಾಸ್, 31ನೇ ನಂಬರ್
ಒಂದು ಮರೆತಿದ್ದೆ. ಎಲ್ಲ ನಾಯಿಗಳ ಕೊರಳಪಟ್ಟಿ ಇವತ್ತೇ ನೋಡಿ, ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ, ತಲೆಯಿಂದ ಜಾರುವಷ್ಟಲ್ಲ. ಫೋನ್ ನಂಬರ್ ಬರೆದ ಬಿಲ್ಲೆ ಹಾಕಿ. ಈಗಿನ ಒಂದು ಫೋಟೋ ಮೊಬೈಲ್‌ನಲ್ಲಿರಲಿ. ಹಬ್ಬದ ಡ್ರೈ ಫ್ರೂಟ್ಸ್ ಡಬ್ಬಿ, ಚಾಕೊಲೇಟ್ ಮೇಲಿಡಿ, ದ್ರಾಕ್ಷಿ ಕೂಡ ನಾಯಿಗೆ ಆಗುವುದಿಲ್ಲ.

4ನೇ ಕ್ರಾಸ್, ಹಳದಿ ಗೇಟ್
ಬೀದಿಯವುಗಳಿಗೆ ಏನು ವ್ಯವಸ್ಥೆ? ನಮ್ಮ ಕಾರ್ ಶೆಡ್ ಖಾಲಿ ಇದೆ, ಮೂರು ರಾತ್ರಿ ಗೇಟ್ ತೆರೆದಿಡಬಹುದು.

3ನೇ ಕ್ರಾಸ್, 17ನೇ ನಂಬರ್ ಮನೆ
ಅದನ್ನೇ ಕೇಳಬೇಕು ಅಂತಿದ್ದೆ. ಇವತ್ತು ಸಂಜೆಯೇ ಎರಡು ಗೋಣಿಚೀಲ, ನೀರಿನ ಬಟ್ಟಲು ತಂದು ನಿಮ್ಮ ಶೆಡ್‌ನ ಒಳಮೂಲೆಯಲ್ಲಿ ಇಟ್ಟೆ. ಕರಿಯ ಬಂದವನೇ ಮಲಗಿಬಿಟ್ಟ. ರಾಣಿ ಬಾಗಿಲ ಹತ್ತಿರ ನಿಂತು ಮೂಸಿದಳು, ಒಂದು ಕಾಲು ಒಳಗಿಟ್ಟಳು, ಯಾರೋ ಶಟರ್ ಎಳೆದ ಸದ್ದಿಗೆ ಹಿಂದಕ್ಕೆ ಓಡಿದಳು. ನಾಳೆಯಿಂದ ಅವಳ ಅನ್ನ ಅಲ್ಲೇ ಹಾಕುತ್ತೇನೆ, ಮೊದಲು ಬಾಗಿಲಲ್ಲಿ, ಆಮೇಲೆ ದಿನಾ ಸ್ವಲ್ಪ ಒಳಗೆ.