ಹಳೇ ವಾಡೆಯ ನೆಲಮಾಳಿಗೆಗೆ ನೀರು ಬರ್ತಿದೆ, ಮಾಡಿಸಿದವರು ದಯವಿಟ್ಟು ಹೇಳಿ

ಸದಾಶಿವ ಪೇಠ, ಪುಣೆ:
ನಮ್ಮದು ಅಜ್ಜನ ಕಾಲದ ಮನೆ. ನೆಲಮಾಳಿಗೆಗೆ ಕರಿಕಲ್ಲಿನ ಗೋಡೆ, ಸುಣ್ಣದ ಗಾರೆ. ಜೂನ್ ಬಂತೆಂದರೆ ಗೋಡೆ ಒದ್ದೆ, ಆಗಸ್ಟ್ ಹೊತ್ತಿಗೆ ಮೂಲೆಯಲ್ಲಿ ನೀರು. ಒಬ್ಬ ಗುತ್ತಿಗೆದಾರರು ಒಳಗಿನಿಂದ ಎಪಾಕ್ಸಿ (ನೀರು ಬಿಡದ ರಾಳದ ಲೇಪ) ಬಳಿಯೋಣ ಅಂತಾರೆ. ಇನ್ನೊಬ್ಬರು ಹೊರಗೆ ಅಗೆದು ಗೋಡೆಗೆ ಮೆಂಬ್ರೇನ್ (ನೀರು ತಡೆಯುವ ಪದರ) ಹಾಕೋಣ ಅಂತಾರೆ. ಯಾವುದು ಮಾಡಿಸಲಿ?

ಕಸಬಾ ಪೇಠ, ಪುಣೆ:
ಎರಡಕ್ಕೂ ಈಗಲೇ ಹೂಂ ಅನ್ನಬೇಡಿ. ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿ. ನಾವು ನೋಡದೆ ಒಳಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಕೈಸುಟ್ಟುಕೊಂಡೆವು. ಮೊದಲ ಮಳೆಗಾಲ ಚೆನ್ನಾಗಿತ್ತು. ಎರಡನೇ ವರ್ಷ ತಟ್ಟಿದರೆ ಟೊಳ್ಳು ಸದ್ದು. ಒಂದು ಬೆಳಿಗ್ಗೆ ಊಟದ ತಟ್ಟೆಯಷ್ಟಗಲದ ಚಕ್ಕೆ ಕಳಚಿ ಬಿತ್ತು. ಹಿಂಬದಿಯಲ್ಲಿ ಹತ್ತಿಯಂಥ ಬಿಳಿ ಉಪ್ಪು! ಸುಣ್ಣದ ಗಾರೆ ತೇವ ಹೀರಿಕೊಂಡು ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್, ಎಪಾಕ್ಸಿ ಬಳಿದರೆ ತೇವಕ್ಕೆ ಹೊರದಾರಿ ಇಲ್ಲ, ಮೇಲಕ್ಕೆ ಏರುತ್ತದೆ. ನಮ್ಮಲ್ಲಿ ಅಡುಗೆಮನೆ ಗೋಡೆವರೆಗೂ ಬಂತು. ಮರದ ತೊಲೆ ಇರುವ ವಾಡೆಗೆ ಇದು ತುಂಬಾ ಕೆಟ್ಟದ್ದು.

ಒಂದು ಕೆಲಸ ಮಾಡಿ. ಗೋಡೆ ಒರೆಸಿ, ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹನಿ ಕೋಣೆ ಕಡೆ ಕೂತರೆ ಅದು ಗಾಳಿಯ ತೇವ, ಗಾಳಿ ಆಡುವಂತೆ ಮಾಡಿದರೆ ಬಹಳಷ್ಟು ಕಡಿಮೆ ಆಗುತ್ತೆ. ಗೋಡೆ ಕಡೆ ಕೂತರೆ ನೀರು ಗೋಡೆಯಿಂದಲೇ ಬರ್ತಿದೆ.

ಆಮೇಲೆ ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿ. ನಮ್ಮಲ್ಲಿ ಮಾಳಿಗೆ ನೀರಿನ ಪೈಪು ಗೋಡೆ ಬುಡಕ್ಕೇ ಸುರಿಯುತ್ತಿತ್ತು, ಅಂಗಳದ ಫರಸಿಯೂ ಆ ಕಡೆಗೇ ಇಳಿಜಾರು. ಪೈಪನ್ನು ಎಂಟು ಅಡಿ ದೂರಕ್ಕೆ ಒಯ್ದು ಫರಸಿಯ ಇಳಿಜಾರು ತಿರುಗಿಸಿದೆವು. ಅಷ್ಟಕ್ಕೇ ಮೂಲೆಯ ನೀರು ನಿಂತಿತು. ಆಮೇಲೆ ಸಿಮೆಂಟ್ ಕೆತ್ತಿಸಿ, ಕಲ್ಲಿನ ಸಂದಿಗೆ ಸುಣ್ಣದ ಗಾರೆ ತುಂಬಿಸಿ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ ಹಚ್ಚಿಸಿದೆವು. ಸುಣ್ಣದ ಕೆಲಸ ಬಲ್ಲ ಗವಂಡಿ ಸಿಗೋಕೆ ಮೂರು ತಿಂಗಳು ಬೇಕಾಯಿತು, ಈಗಿಂದಲೇ ಹುಡುಕಿ. ಗೋಡೆ ಒಣಗಿರುವ ಬೇಸಿಗೆಯಲ್ಲೇ ಮಾಡಿಸಿ.

ಮಡಗಾಂವ್, ಗೋವಾ:
ನಮ್ಮದು ಗುಡ್ಡದ ಬುಡದ ಕೆಂಪು ಕಲ್ಲಿನ ಮನೆ. ಮಳೆಗಾಲದಲ್ಲಿ ನೆಲದಡಿಯ ನೀರೇ ಮೇಲೇರುತ್ತೆ. ಇಂಥ ಕಡೆ ಯಾವ ಲೇಪವೂ ಬಾಳಲ್ಲ. ಒಳಗೆ ಗೋಡೆಗುಂಟ ಸಣ್ಣ ಕಾಲುವೆ, ಅದರಲ್ಲಿ ಜಲ್ಲಿ, ತೂತಿನ ಪೈಪು, ಕೊನೆಗೊಂದು ಗುಂಡಿ, ನೀರು ತುಂಬಿದರೆ ತಾನೇ ಶುರುವಾಗುವ ಪಂಪು. ಜೋರು ಮಳೆಯಲ್ಲೇ ಕರೆಂಟ್ ಹೋಗೋದು, ಅಲ್ವಾ? ಪಂಪಿಗೆ ಇನ್ವರ್ಟರ್ ಇರಲಿ. ಕಾಲುವೆ ಮಾತ್ರ ಪಾಯಕ್ಕಿಂತ ಆಳಕ್ಕೆ ಹೋಗಬಾರದು.

ಡೊಂಬಿವಲಿ:
ನಾನು ಕಟ್ಟಡದ ಕೆಲಸದಲ್ಲೇ ಇದ್ದೇನೆ. ಹೊರಗೆ ಅಗೆಯಲೇಬೇಕು ಅಂದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಗುದ್ದಲಿ ಹಾಕಿಸಬೇಡಿ. ಇಡೀ ಗೋಡೆ ಒಂದೇ ಸಲ ಬಯಲಾಗಬಾರದು, ತುಂಡು ತುಂಡಾಗಿ ಅಗೆದು ಮುಚ್ಚುತ್ತಾ ಹೋಗಬೇಕು. ಯಾರಾದರೂ ಕ್ರಿಸ್ಟಲೈನ್ ಲೇಪ (ಗೋಡೆಯೊಳಗೆ ಹರಳು ಕಟ್ಟಿ ನೀರು ತಡೆಯುವಂಥದ್ದು) ಅಂದರೆ ಅದು ಕಾಂಕ್ರೀಟ್ ಗೋಡೆಗೆ, ಕಲ್ಲು-ಸುಣ್ಣಕ್ಕೆ ಅಲ್ಲ.

ಸದಾಶಿವ ಪೇಠ, ಪುಣೆ:
ಎಲ್ಲರಿಗೂ ತುಂಬಾ ಧನ್ಯವಾದ. ಹಾಳೆ ಅಂಟಿಸಿ ನೋಡಿದೆ, ಹನಿ ಗೋಡೆ ಕಡೆಗೇ ಇದೆ. ನಿನ್ನೆ ಮಳೆಯಲ್ಲಿ ಹೊರಗೂ ನೋಡಿದೆ. ಪಕ್ಕದವರ ಮಾಳಿಗೆ ಪೈಪು ನಮ್ಮ ಮೂಲೆಗೇ ಬೀಳ್ತಿದೆ. ಎಪಾಕ್ಸಿಯವರಿಗೆ ಬೇಡ ಅಂದಿದ್ದೇನೆ. ಭಾನುವಾರ ಪಕ್ಕದ ಕಾಕಾ ಜೊತೆ ಕೂತು ಮಾತಾಡ್ತೇನೆ, ಪೈಪಿನ ಖರ್ಚು ನಾನೇ ಕೊಡ್ತೇನೆ. ಕಸಬಾ ಪೇಠದವರೇ, ನಿಮ್ಮ ಗವಂಡಿ ಈ ಕಡೆಗೂ ಬರ್ತಾರಾ?